ಎಕ್ಸ್ ವಿಂಡೋ ವ್ಯವಸ್ಥೆಯ ಆಕರಭಂಡಾರವು ವಿಭಾಗವಾದ ಬಗೆ

ಹಲವು ಜನ ಕೂಡಿ ರಚಿಸುವ ಮುಕ್ತ ತಂತ್ರಾಂಶವು ಬೆಳೆದು ಬೃಹದಾಕಾರವನ್ನು ತಾಳಿದ ಮೇಲೆ ಅದರ ಆಕರವನ್ನು ಒಂದೇ ಭಂಡಾರದಲ್ಲಿ ಉಳಿಸಿಕೊಳ್ಳಬೇಕೆ, ಅಥವಾ ಬೇರೆ ಬೇರೆ ಭಂಡಾರಗಳಾಗಿ ಒಡೆಯಬೇಕೆ ಎಂಬುದು ಕಂಪ್ಯೂಟರ್ ಕ್ಷೇತ್ರದಲ್ಲಿ ಮತ್ತೆ ಮತ್ತೆ ತಲೆಯೆತ್ತಿರುವ ವಿವಾದ. ಆಕರವೆಂದರೆ ಇಲ್ಲಿ ಸೋರ್ಸ್ ಕೋಡ್. ಭಂಡಾರವೆಂದರೆ ಆ ಕೋಡನ್ನೂ, ಅದರಲ್ಲಿ ಯಾರು ಯಾವಾಗ ಏನನ್ನು ತಿದ್ದಿದರೆಂಬ ದಾಖಲೆಯನ್ನೂ ಒಟ್ಟಿಗೆ ಕಾಪಾಡುವ ಸ್ಥಳ. ಒಡೆಯಬೇಕೆನ್ನುವವರು ಹೇಳುವ ಮುಖ್ಯ ಕಾರಣವೆಂದರೆ, ಹೊಸಬನಾದವನು ಬೃಹದ್ಭಂಡಾರವನ್ನು ಕಂಡು ಹೆದರಿ ಹಿಂದಿರುಗುತ್ತಾನೆ, ಚಿಕ್ಕದಾದರೆ ಧೈರ್ಯವಾಗಿ ಕೈಯಿಡುತ್ತಾನೆ ಎಂಬುದು. ಇದಕ್ಕೆ ನಿದರ್ಶನವಾಗಿ ಎಕ್ಸ್ ವಿಂಡೋ ವ್ಯವಸ್ಥೆಯು 2005ನೆಯ ಇಸವಿಯ ಡಿಸೆಂಬರಿನಲ್ಲಿ ಇನ್ನೂರಕ್ಕೂ ಮೀರಿದ ಭಾಗಗಳಾಗಿ ವಿಭಾಗವಾದುದನ್ನು ಎತ್ತಿ ತೋರಿಸುವುದುಂಟು. ಮನೆ ಒಡೆಯಿತು, ಬಾಗಿಲು ತೆರೆಯಿತು, ಜನ ಬಂದರು ಎಂಬಷ್ಟು ಸರಳವಾಗಿ ಈ ಕಥೆಯನ್ನು ಹೇಳಲಾಗುತ್ತದೆ. ಈ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಆ ಕಥೆ ಎಷ್ಟರಮಟ್ಟಿಗೆ ಸತ್ಯ ಎಂಬುದನ್ನು.

ಮೊದಲು ಪೂರ್ವಚರಿತ್ರೆ. ಪರದೆಯ ಮೇಲೆ ಕಿಟಕಿಗಳನ್ನು ಬರೆಯುವುದು, ಕೀಲಿಮಣೆ ಮತ್ತು ಮೌಸಿನಿಂದ ಬಂದ ಸಂದೇಶಗಳನ್ನು ಆಯಾ ಪ್ರೋಗ್ರಾಮಿಗೆ ಮುಟ್ಟಿಸುವುದು, ಆ ಪ್ರೋಗ್ರಾಮು ಬೇರೊಂದು ಯಂತ್ರದಲ್ಲಿದ್ದರೂ ಈ ಕೆಲಸವನ್ನು ತಡೆಯಿಲ್ಲದೆ ನಡೆಸುವುದು, ಇವು ಎಕ್ಸ್ ವ್ಯವಸ್ಥೆಯ ಕರ್ತವ್ಯಗಳು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ 1984ರಲ್ಲಿ ಇದು ಹುಟ್ಟಿತು. ಬಾಬ್ ಷೈಫ್ಲರ್ ಮತ್ತು ಜಿಮ್ ಗೆಟಿಸ್ ಎಂಬ ಇಬ್ಬರು ಇದರ ಮೂಲಕರ್ತರು. ಸ್ಟ್ಯಾನ್‌ಫರ್ಡಿನಿಂದ ಬಂದಿದ್ದ ‘ಡಬ್ಲ್ಯು’ ಎಂಬ ವ್ಯವಸ್ಥೆಯನ್ನು ತಿದ್ದಿ ರಚಿಸಿದ್ದರಿಂದ ಅಕ್ಷರಮಾಲೆಯಲ್ಲಿ ಅದರ ಮುಂದಿನ ಅಕ್ಷರವೇ ಇದಕ್ಕೆ ಹೆಸರಾಯಿತು. ಹನ್ನೊಂದನೆಯ ಆವೃತ್ತಿ 1987ರ ಸೆಪ್ಟೆಂಬರಿನಲ್ಲಿ ಹೊರಬಂದಿತು. ಇಂದಿಗೂ ಬಳಕೆಯಲ್ಲಿರುವುದು ಅದರ ಸಂತತಿಯೇ. ಮರುವರ್ಷ ಕಂಪ್ಯೂಟರ್ ತಯಾರಕರನ್ನು ಸದಸ್ಯರನ್ನಾಗಿ ಉಳ್ಳ ಒಂದು ಒಕ್ಕೂಟ ಏರ್ಪಟ್ಟು, ಆಕರದ ಪಾಲನೆ ಅದರ ಕೈಗೆ ಬಂದಿತು.

ಆ ಆಕರವೆಲ್ಲವೂ ‘ಎಕ್ಸ್‌ಸಿ’ ಎಂಬ ಒಂದೇ ಮರವಾಗಿ ಇದ್ದಿತು. ಸರ್ವರ್, ಲೈಬ್ರರಿಗಳು, ಅಕ್ಷರರೂಪಗಳು, ಕೈಪಿಡಿಗಳು, ಪರದೆಯ ಮೇಲಿನ ಗಡಿಯಾರದಂತಹ ಚಿಕ್ಕಪುಟ್ಟ ಪ್ರೋಗ್ರಾಮುಗಳು, ಸಮಸ್ತವೂ ಅದರ ಕೊಂಬೆಗಳು. ಇದನ್ನು ಕಟ್ಟುವ ಆಜ್ಞೆಯೂ ಅದಕ್ಕೆ ತಕ್ಕಂತೆಯೇ ಇತ್ತು: ‘ಮೇಕ್ ವರ್ಲ್ಡ್’, ಎಂದರೆ ಲೋಕವನ್ನು ಸೃಷ್ಟಿಸು. ಹಾಸ್ಯಕ್ಕಾಗಿ ಇಟ್ಟ ಹೆಸರಾದರೂ ಅತಿಶಯೋಕ್ತಿಯೇನೂ ಅಲ್ಲ. ತೊಂಬತ್ತರ ದಶಕದಲ್ಲಿ ಮನೆಯಲ್ಲಿ ಇಟ್ಟುಕೊಳ್ಳಬಹುದಾಗಿದ್ದ ಯಂತ್ರದ ಮೇಲೆ ಈ ಲೋಕಸೃಷ್ಟಿ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಒಂದು ಡ್ರೈವರಿನಲ್ಲಿ, ಎಂದರೆ ಒಂದು ಜಾತಿಯ ಪರದೆ ಕಾರ್ಡನ್ನು ನಡೆಸುವ ಭಾಗದಲ್ಲಿ, ಒಂದು ಸಾಲನ್ನು ತಿದ್ದಬೇಕೆನ್ನುವವನೂ ಇಡೀ ಮರವನ್ನೇ ತಂದಿಟ್ಟುಕೊಳ್ಳಬೇಕಾಗಿತ್ತು. ಅಲ್ಲದೆ ಕಟ್ಟುವ ಕೆಲಸಕ್ಕೆ ಬಳಸುತ್ತಿದ್ದ ‘ಐಮೇಕ್’ ಎಂಬ ಸಲಕರಣೆಯನ್ನು ಎಕ್ಸ್‌ಗೆ ಸಂಬಂಧಪಟ್ಟವರಲ್ಲದೆ ಇತರರು ಬಳಸುತ್ತಿದ್ದುದು ವಿರಳ. ಕಷ್ಟಪಟ್ಟು ಕಲಿತ ವಿದ್ಯೆ ಬೇರೆಲ್ಲಿಯೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಆದರೆ ಒಂದು ಮಾತನ್ನು ಇಲ್ಲಿ ನ್ಯಾಯವಾಗಿ ಹೇಳಬೇಕು. ಅಖಂಡತೆಯು ಅಜ್ಞಾನದಿಂದ ಬಂದುದಲ್ಲ. ಒಕ್ಕೂಟದ ಕಾಲದಲ್ಲಿ ಆಕರವನ್ನು ಪಡೆಯುತ್ತಿದ್ದವರು ಬಹುಮಟ್ಟಿಗೆ ಯಂತ್ರ ತಯಾರಕರು. ಟೇಪಿನಲ್ಲಿ ಬಂದ ಸಮಗ್ರ ಆಕರವನ್ನು ತೆಗೆದುಕೊಂಡು ತಮ್ಮ ಯಂತ್ರಕ್ಕೆ ಹೊಂದಿಸಿಕೊಳ್ಳುವುದಕ್ಕೆ ಅವರಲ್ಲಿ ಸಂಬಳದ ಇಂಜಿನಿಯರುಗಳಿದ್ದರು. ಎಲ್ಲ ಭಾಗಗಳೂ ಒಂದಕ್ಕೊಂದು ಹೊಂದುತ್ತವೆಂಬ ಭರವಸೆಯೇ ಅವರಿಗೆ ಬೇಕಾಗಿದ್ದುದು. ಒಬ್ಬಂಟಿಯಾಗಿ ಬಿಡುವಿನ ವೇಳೆಯಲ್ಲಿ ಕೆಲಸಮಾಡುವ ಕೊಡುಗೆದಾರನೆಂಬ ವ್ಯಕ್ತಿ ಆ ಏರ್ಪಾಟಿನ ಕಣ್ಣಿಗೆ ಬಿದ್ದಿರಲಿಲ್ಲ.

ಅಂತಹ ವ್ಯಕ್ತಿಗಳು ರಂಗಕ್ಕೆ ಬಂದದ್ದು 1992ರಲ್ಲಿ. ಇಂಟೆಲ್ ಜಾತಿಯ ಅಗ್ಗದ ಯಂತ್ರಗಳ ಮೇಲೆ ಎಕ್ಸ್ ಅನ್ನು ಓಡಿಸುವುದಕ್ಕಾಗಿ ‘ಎಕ್ಸ್‌ಫ್ರೀ86’ ಎಂಬ ಯೋಜನೆ ಆಗ ಆರಂಭವಾಯಿತು. ಲಿನಕ್ಸ್ ಹರಡಿದಂತೆಲ್ಲ ಇದೂ ಹರಡಿತು. ಇದರ ನಾಲ್ಕನೆಯ ಆವೃತ್ತಿ 2000ದ ಮಾರ್ಚಿಯಲ್ಲಿ ಬಂದಾಗ ಡ್ರೈವರುಗಳನ್ನು ಬಿಡಿಯಾಗಿ, ಓಡುವ ಹೊತ್ತಿನಲ್ಲಿಯೇ ಜೋಡಿಸಿಕೊಳ್ಳುವ ಸೌಕರ್ಯ ದೊರೆಯಿತು. ಚರಿತ್ರಕಾರರು ಇಲ್ಲಿ ಎಡವುವುದುಂಟು: ಬಿಡಿಯಾದುದು ಯಂತ್ರದ ಮೇಲೆ ಓಡುವ ರೂಪ ಮಾತ್ರ, ಆಕರವಲ್ಲ. ಆಕರವು ಹಿಂದಿನಂತೆಯೇ ಒಂದೇ ಮರ. ಅದರಲ್ಲಿ ಬರೆಯುವ ಹಕ್ಕೂ ಹಿಂದಿನಂತೆಯೇ ಕೆಲವರದು.

ಹಕ್ಕಿನ ಈ ಪ್ರಶ್ನೆಯೇ ಮುಂದಿನ ಬಿಕ್ಕಟ್ಟಿಗೆ ಕಾರಣವಾಯಿತು. ಕೀತ್ ಪ್ಯಾಕರ್ಡ್ ಎಂಬುವರು ಎಂಬತ್ತರ ದಶಕದಿಂದಲೂ ಎಕ್ಸ್‌ಗಾಗಿ ದುಡಿದವರು. ಅವರು ರಚಿಸಿದ ‘ಫಾಂಟ್‌ಕಾನ್ಫಿಗ್’ ಎಂಬ ಲೈಬ್ರರಿ ಮರದ ಹೊರಗೆ ತನ್ನದೇ ಬಿಡುಗಡೆಗಳನ್ನು ಪಡೆಯುತ್ತ ಬೆಳೆಯಿತು. ಪ್ರಾಸಂಗಿಕವಾಗಿ ಹೇಳುವುದಾದರೆ, ಲಿನಕ್ಸ್ ಯಂತ್ರಗಳ ಪರದೆಯ ಮೇಲೆ ಕನ್ನಡ ಮೂಡುವಾಗ ತಕ್ಕ ಅಕ್ಷರರೂಪವನ್ನು ಹುಡುಕಿಕೊಡುವುದು ಇದೇ ಲೈಬ್ರರಿ. ಆಡಳಿತವನ್ನು ಕುರಿತ ಭಿನ್ನಾಭಿಪ್ರಾಯದ ಫಲವಾಗಿ, ಯೋಜನೆಯನ್ನು ಒಡೆಯಲು ಹವಣಿಸುತ್ತಿದ್ದಾರೆಂಬ ಆರೋಪದ ಮೇಲೆ, 2003ರ ಮಾರ್ಚಿಯಲ್ಲಿ ಪ್ಯಾಕರ್ಡ್ ಅವರನ್ನು ಎಕ್ಸ್‌ಫ್ರೀ86ರ ಮುಖ್ಯಮಂಡಲಿಯಿಂದ ಹೊರಹಾಕಲಾಯಿತು. ಆ ವರ್ಷ ಮುಗಿಯುವುದರೊಳಗೆ ಮಂಡಲಿಯೇ ವಿಸರ್ಜನೆಗೊಂಡಿತು. 2004ರ ಆರಂಭದಲ್ಲಿ ಪರವಾನಗಿಯ ನಿಬಂಧನೆಯನ್ನು ಬದಲಿಸಿದಾಗ, ಅದು ಜಿಪಿಎಲ್ ಪರವಾನಗಿಗೆ ಹೊಂದುವುದಿಲ್ಲವೆಂದು ಡೆಬಿಯನ್, ರೆಡ್‌ಹ್ಯಾಟ್ ಮೊದಲಾದ ವಿತರಕರು ಹೊಸ ಆವೃತ್ತಿಯನ್ನು ಒಲ್ಲೆವೆಂದರು. ಅದೇ ಜನವರಿಯಲ್ಲಿ ಎಕ್ಸ್.ಆರ್ಗ್ ಪ್ರತಿಷ್ಠಾನ ಸ್ಥಾಪಿತವಾಗಿ, ಪರವಾನಗಿ ಬದಲಾಗುವುದಕ್ಕೆ ಮುಂಚಿನ ಆಕರದಿಂದ ಹೊರಟು, ಏಪ್ರಿಲಿನಲ್ಲಿ 6.7ನೆಯ ಬಿಡುಗಡೆಯನ್ನು ಹೊರತಂದಿತು. ಕೆಲಸಗಾರರು ಅತ್ತ ಸರಿದರು. ಈ ಇಸವಿಗಳನ್ನು ಗಮನಿಸಬೇಕು. ಜನ ಹೊಸ ಮನೆಗೆ ಬಂದದ್ದು 2004ರಲ್ಲಿ. ಮರವು ಆಗ ಇನ್ನೂ ಅಖಂಡವಾಗಿಯೇ ಇತ್ತು. ಅವರನ್ನು ತಡೆದಿದ್ದ ಮೊದಲ ಬಾಗಿಲು ಭಂಡಾರದ ಗಾತ್ರವಲ್ಲ, ಭಂಡಾರದ ಕೀಲಿಕೈ.

ವಿಭಾಗದ ಕಾರ್ಯ ನಡೆದದ್ದು 2005ರಲ್ಲಿ. ಅದನ್ನು ನಡೆಸಿದ ಕ್ರಮ ಬಹು ವಿವೇಕದಿಂದ ಕೂಡಿದ್ದಾಗಿದೆ. ಆಕರದ ಕಡತಗಳನ್ನು ಇದ್ದಲ್ಲಿಯೇ ಬಿಟ್ಟು, ಒಂದು ಸಣ್ಣ ಆಜ್ಞಾಪಟ್ಟಿಯ ಮೂಲಕ ಅವುಗಳನ್ನು ಬೆರಳಿಟ್ಟು ತೋರಿಸುವ ಕೊಂಡಿಗಳಿಂದ ಹೊಸ ವಿನ್ಯಾಸವನ್ನು ಪಕ್ಕದಲ್ಲಿ ಕಟ್ಟಿದರು. ಹೀಗೆ ಒಂದು ಕಡೆ ಮಾಡಿದ ತಿದ್ದುಪಡಿ ತಾನಾಗಿಯೇ ಇನ್ನೊಂದು ಕಡೆಗೂ ಸಲ್ಲುತ್ತಿತ್ತು. ಐಮೇಕ್‌ನ ಸ್ಥಾನದಲ್ಲಿ ಇತರ ಮುಕ್ತ ತಂತ್ರಾಂಶಗಳೆಲ್ಲ ಬಳಸುತ್ತಿದ್ದ ಆಟೋಕಾನ್ಫ್ ಮತ್ತು ಆಟೋಮೇಕ್ ಬಂದುವು. ಕೊನೆಗೆ 2005ರ ಡಿಸೆಂಬರ್ 21ರಂದು ಎರಡು ಬಿಡುಗಡೆಗಳು ಒಂದೇ ದಿನ ಹೊರಟುವು: 6.9 ಅಖಂಡ ರೂಪ, 7.0 ವಿಭಕ್ತ ರೂಪ. ಎರಡರಲ್ಲಿಯೂ ಇದ್ದ ಆಕರ ಒಂದೇ. ಒಂದೇ ಗ್ರಂಥವನ್ನು ಒಂದು ಕಡೆ ಒಂದೇ ಕಟ್ಟಾಗಿಯೂ ಇನ್ನೊಂದು ಕಡೆ ಬಿಡಿ ಸಂಪುಟಗಳಾಗಿಯೂ ಹೊಲಿದಂತೆ. ಪಾಠದಲ್ಲಿ ಭೇದವಿಲ್ಲದೆ ಹೊಲಿಗೆಯಲ್ಲಿ ಮಾತ್ರ ಭೇದವಿರುವ ಇಂತಹ ಜೋಡಿ ತಂತ್ರಾಂಶದ ಚರಿತ್ರೆಯಲ್ಲಿ ನಮ್ಮ ಕಣ್ಣಿಗೆ ಬಿದ್ದಿರುವುದು ವಿರಳ. ಏಳರ ಸಾಲಿನ ಭಾಗಗಳನ್ನು ಸರ್ವರ್, ಡ್ರೈವರ್, ಲೈಬ್ರರಿ, ಅಕ್ಷರರೂಪ, ಪ್ರೋಗ್ರಾಮು, ಪ್ರೋಟೋಕಾಲ್ ಎಂದು ಮುಂತಾಗಿ ವಿಂಗಡಿಸಿ, ಒಂದೊಂದಕ್ಕೂ ಅದರದೇ ಆವೃತ್ತಿಸಂಖ್ಯೆಯನ್ನು ಕೊಟ್ಟರು. 2006ರಲ್ಲಿ ಗಿಟ್ ಪದ್ಧತಿಗೆ ಸಾಗಿದಾಗ ಒಂದೊಂದು ಭಾಗವೂ ಸ್ವತಂತ್ರ ಭಂಡಾರವಾಯಿತು.

ಇದರ ಫಲ ಕೆಲವು ಕಡೆ ಕೂಡಲೇ ಕಂಡಿತು. 2006ರ ಮಾರ್ಚಿಯಲ್ಲಿ ಸರ್ವರಿನೊಳಗೆ ಒಂದು ಘೋರ ದೋಷ ಬೆಳಕಿಗೆ ಬಂದಿತು. ಬಳಕೆದಾರನ ಗುರುತನ್ನು ಪರೀಕ್ಷಿಸುವ ಸಾಲಿನಲ್ಲಿ ಒಂದು ಜೊತೆ ಆವರಣಚಿಹ್ನೆ ಬಿಟ್ಟುಹೋಗಿದ್ದುದರಿಂದ ಆ ಪರೀಕ್ಷೆಯೇ ವ್ಯರ್ಥವಾಗಿತ್ತು. ವಿಭಕ್ತ ರೂಪದಲ್ಲಿ ಸರ್ವರ್ ಎಂಬ ಒಂದು ಭಾಗವನ್ನು ತಿದ್ದಿ ಹೊರಡಿಸಿದರೆ ಸಾಕಾಯಿತು. ಅಕ್ಷರರೂಪಗಳನ್ನೂ ಗಡಿಯಾರವನ್ನೂ ಮುಟ್ಟಬೇಕಾಗಿರಲಿಲ್ಲ. 6.8ಕ್ಕೂ 6.9ಕ್ಕೂ ನಡುವೆ ಹದಿನೈದು ತಿಂಗಳು ಕಳೆದಿದ್ದರೆ, 7.1ನೆಯದು ಐದೇ ತಿಂಗಳಲ್ಲಿ ಬಂದಿತು.

ಡ್ರೈವರುಗಳ ವಿಷಯ ಇನ್ನೂ ಸ್ವಾರಸ್ಯವಾದುದು. ಎಎಂಡಿ ಕಂಪನಿ ತನ್ನ ಹೊಸ ರೇಡಿಯಾನ್ ಕಾರ್ಡುಗಳ ವಿವರಗಳನ್ನು ಬಹಿರಂಗಪಡಿಸಲು ಒಪ್ಪಿದಾಗ, 2007ರ ಸೆಪ್ಟೆಂಬರಿನಲ್ಲಿ ಸೂಸೆ ಸಂಸ್ಥೆಯ ಇಂಜಿನಿಯರುಗಳು ‘ರೇಡಿಯಾನ್‌ಎಚ್‌ಡಿ’ ಎಂಬ ಹೊಸ ಡ್ರೈವರನ್ನು ಸ್ವಂತ ಭಂಡಾರದಲ್ಲಿ ಹೊರತಂದರು. ಹಳೆಯ ರೇಡಿಯಾನ್ ಡ್ರೈವರಿನವರೂ ಸುಮ್ಮನಿರದೆ ಅದೇ ಕಾರ್ಡುಗಳಿಗೆ ತಮ್ಮ ಭಂಡಾರದಲ್ಲಿ ಬೆಂಬಲವನ್ನು ಬರೆದರು. ಒಂದೇ ಕಾರ್ಡಿಗೆ ಎರಡು ಡ್ರೈವರುಗಳು! ಕೆಲವು ವರ್ಷಗಳಲ್ಲಿ ಹಳೆಯದೇ ಉಳಿದು ಹೊಸದು ನಿಂತುಹೋಯಿತು. ಇದನ್ನು ಶ್ರಮದ ಅಪವ್ಯಯವೆಂದು ಹೇಳುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಅಖಂಡ ಮರದ ಕಾಲದಲ್ಲಾಗಿದ್ದರೆ ಈ ಎರಡರಲ್ಲಿ ಯಾವುದು ಇರಬೇಕೆಂಬುದನ್ನು ಮಂಡಲಿಯೊಂದು ಮೊದಲೇ ತೀರ್ಮಾನಿಸಿಬಿಡುತ್ತಿತ್ತು; ಇಲ್ಲಿ ತೀರ್ಮಾನವು ಕೆಲಸದ ಮೇಲೆಯೇ ಆಯಿತು.

ಆದರೆ ವಿಭಾಗದ ಬೆಲೆಯನ್ನೂ ಕೊಡಬೇಕಾಯಿತು. ಸರ್ವರಿಗೂ ಡ್ರೈವರಿಗೂ ನಡುವಣ ಒಪ್ಪಂದ ಸ್ಥಿರವಾದುದಲ್ಲ. ಸರ್ವರಿನಲ್ಲಿ ಆ ಒಪ್ಪಂದವನ್ನು ಒಮ್ಮೆ ಬದಲಿಸಿದರೆ ಹತ್ತಾರು ಭಂಡಾರಗಳಲ್ಲಿ ಹತ್ತಾರು ತಿದ್ದುಪಡಿ, ಹತ್ತಾರು ಬಿಡುಗಡೆ. ಹಳೆಯ ಕಾರ್ಡುಗಳ ಡ್ರೈವರುಗಳಿಗೆ ಪಾಲಕರೇ ಇರಲಿಲ್ಲ. ಅಖಂಡ ಮರದಲ್ಲಿದ್ದಾಗ ಅವು ಇತರ ಭಾಗಗಳ ಜೊತೆಯಲ್ಲಿ ಹೇಗೋ ಸಾಗಿಬರುತ್ತಿದ್ದುವು. ಬೇರೆಯಾದ ಮೇಲೆ ಅವುಗಳ ಅನಾಥಸ್ಥಿತಿ ಬಯಲಾಯಿತು. ಇನ್ನು ಹೊಸಬನ ಪಾಡು? ಹಿಂದೆ ಅವನಿಗೆ ಒಂದು ಆಜ್ಞೆ ತಿಳಿದಿದ್ದರೆ ಸಾಕಾಗಿತ್ತು, ಗಂಟೆಗಟ್ಟಲೆ ಕಾಯಬೇಕಾಗಿದ್ದರೂ ಚಿಂತೆಯಿರಲಿಲ್ಲ. ಈಗ ಇನ್ನೂರಕ್ಕೂ ಮೀರಿದ ಭಾಗಗಳಲ್ಲಿ ಯಾವುದನ್ನು ಮೊದಲು, ಯಾವುದನ್ನು ಅನಂತರ ಕಟ್ಟಬೇಕೆಂಬ ಅನುಕ್ರಮವನ್ನು ತಿಳಿಯಬೇಕಾಯಿತು. ಇದಕ್ಕಾಗಿಯೇ ಎಲ್ಲವನ್ನೂ ಸರದಿಯಂತೆ ಕಟ್ಟುವ ಬೇರೊಂದು ಆಜ್ಞಾಪಟ್ಟಿಯನ್ನು ಬರೆದು, ಅದನ್ನೂ ಒಂದು ಭಂಡಾರದಲ್ಲಿ ಇಟ್ಟರು. ಬಿಡಿ ಭಾಗಗಳನ್ನು ಆಗಾಗ ಮತ್ತೆ ಒಟ್ಟುಗೂಡಿಸಿ ಹೊರಡಿಸುವ ಸಮಗ್ರ ಬಿಡುಗಡೆಗೆ ‘ಕಟಮರಿ’ ಎಂಬ ಹೆಸರು ಬಂದಿತು. ಸಿಕ್ಕಿದುದನ್ನೆಲ್ಲ ಅಂಟಿಸಿಕೊಂಡು ಉರುಳುವ ಉಂಡೆಯ ಜಪಾನೀ ಆಟವೊಂದರಿಂದ ಎರವಲು ಪಡೆದ ಹೆಸರಿದು. ಆರಾರು ತಿಂಗಳಿಗೆ ಒಂದರಂತೆ ಇದು ಹೊರಬರಬೇಕೆಂಬ ಸಂಕಲ್ಪ ನೆರವೇರಲಿಲ್ಲ. ಕೊನೆಯ ಕಟಮರಿ 2012ರ ಜೂನಿನ 7.7.

ಈ ಅನುಭವದಿಂದ ಒಂದು ಹಿಮ್ಮುಖ ಚಲನೆ ಆರಂಭವಾದುದನ್ನು ವಿಭಾಗವನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಚಿತ್ರಣವನ್ನು ಶೀಘ್ರಗೊಳಿಸುವ ‘ಗ್ಲಾಮರ್’ ಎಂಬ ಭಾಗ 2014ರಲ್ಲಿ ಸರ್ವರಿನ ಭಂಡಾರದೊಳಗೆ ಸೇರಿತು. ಮರುವರ್ಷ 1.17ನೆಯ ಸರ್ವರಿನೊಡನೆ ‘ಮೋಡ್‌ಸೆಟ್ಟಿಂಗ್’ ಎಂಬ ಸರ್ವಸಾಮಾನ್ಯ ಡ್ರೈವರೂ ಒಳಕ್ಕೆ ಬಂದಿತು. 2018ರಲ್ಲಿ, ಒಂದೊಂದು ಪ್ರೋಟೋಕಾಲ್ ವಿಸ್ತರಣೆಗೂ ಒಂದೊಂದರಂತೆ ಬಿಡಿಬಿಡಿಯಾಗಿದ್ದ ಶಿರೋಲೇಖ ಕಡತಗಳ ಭಂಡಾರಗಳನ್ನೆಲ್ಲ ಕೂಡಿಸಿ ‘ಎಕ್ಸ್‌ಆರ್ಗ್‌ಪ್ರೋಟೋ’ ಎಂಬ ಒಂದೇ ಭಂಡಾರವನ್ನು ಮಾಡಿದರು. ನಮ್ಮ ಕಡೆ ಅವಿಭಕ್ತ ಕುಟುಂಬ ಪಾಲಾಗುವಾಗ ಹೊಲ, ಮನೆ, ಪಾತ್ರೆಗಳನ್ನು ಹಂಚಿಕೊಂಡರೂ ಬಾವಿಯನ್ನು ಸಮಾಯಿಕವಾಗಿ ಬಿಡುವುದುಂಟು. ಶಿರೋಲೇಖಗಳು ಅಂತಹ ಬಾವಿ. ಎಲ್ಲ ಭಾಗಗಳೂ ಅವುಗಳಿಂದಲೇ ಸೇದಿಕೊಳ್ಳಬೇಕು, ಆದರೆ ಅವುಗಳಲ್ಲಿ ದಿನನಿತ್ಯ ದುಡಿಯುವವರು ಯಾರೂ ಇಲ್ಲ. 2005ರಲ್ಲಿ ಅವುಗಳನ್ನೂ ಚೂರುಚೂರಾಗಿ ಹಂಚಿದ್ದು ತಪ್ಪೆಂದೇ ನಮ್ಮ ಅಭಿಪ್ರಾಯ. ಅಲ್ಲಿ ಕಡತಗಳ ಗಡಿಯನ್ನು ನೋಡಿ ಕತ್ತರಿಸಿದರೇ ಹೊರತು ಕೆಲಸದ ಗಡಿಯನ್ನು ನೋಡಿ ಅಲ್ಲ. ಡ್ರೈವರುಗಳಲ್ಲಾದರೋ ಒಂದೊಂದಕ್ಕೂ ಬೇರೆ ಯಂತ್ರ, ಬೇರೆ ಪರಿಣತಿ, ಎಷ್ಟೋ ವೇಳೆ ಬೇರೆ ಸಂಬಳದಾತರು ಇದ್ದರು. ಕೆಲಸವು ಮೊದಲೇ ವಿಭಾಗವಾಗಿತ್ತು, ಭಂಡಾರ ಅದನ್ನು ಹಿಂಬಾಲಿಸಿತು.

ಇತರ ಯೋಜನೆಗಳ ಚರಿತ್ರೆಯೂ ಎರಡು ದಿಕ್ಕಿಗೂ ಸಾಕ್ಷಿ ನುಡಿಯುತ್ತದೆ. ಕೆಡಿಇಯವರು ತಮ್ಮ ಅಖಂಡ ಲೈಬ್ರರಿಯನ್ನು 2014ರಲ್ಲಿ ಸ್ವತಂತ್ರ ಭಾಗಗಳಾಗಿ ಬಿಡಿಸಿದರು. ಅದಾದ ಐದು ವರ್ಷಕ್ಕೆ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯವರು, ಹಲವು ಭಾಗಗಳನ್ನು ಮುಟ್ಟುವ ತಿದ್ದುಪಡಿಯನ್ನು ಒಂದೇ ಸಲಕ್ಕೆ ದಾಖಲಿಸುವ ಅನುಕೂಲಕ್ಕಾಗಿ, ಎಲ್ಲವನ್ನೂ ಒಂದೇ ಭಂಡಾರಕ್ಕೆ ತಂದರು.

ಎಕ್ಸ್‌ನ ಕಥೆಗೆ ಇನ್ನೊಂದು ತಿರುವು ಉಂಟು. 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಅವರು ‘ವೇಲ್ಯಾಂಡ್’ ಎಂಬ ಹೊಸ ವ್ಯವಸ್ಥೆಯನ್ನು ಆರಂಭಿಸಿದ ಮೇಲೆ ಎಕ್ಸ್‌ನ ಅನುಭವಿಗಳಲ್ಲಿ ಹಲವರು ಕ್ರಮೇಣ ಆ ಕಡೆ ತಿರುಗಿದರು. 2018ರ ಮೇ ತಿಂಗಳಿನಲ್ಲಿ ಸರ್ವರಿನ 1.20ನೆಯ ಆವೃತ್ತಿ ಬಂದ ಬಳಿಕ, ಮುಂದಿನ ಮುಖ್ಯ ಬಿಡುಗಡೆಯ ಭಾರವನ್ನು ಹೊರುವವರಿಲ್ಲದೆ ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. ಆದರೆ ಹಳೆಯ ಪ್ರೋಗ್ರಾಮುಗಳನ್ನು ವೇಲ್ಯಾಂಡಿನೊಳಗೆ ಓಡಿಸುವ ‘ಎಕ್ಸ್‌ವೇಲ್ಯಾಂಡ್’ ಎಂಬ ಭಾಗ ಅದೇ ಭಂಡಾರದಲ್ಲಿತ್ತು, ಅದರಲ್ಲಿ ದುಡಿಯುವವರೂ ಇದ್ದರು. ಅವರು 2021ರ ಮಾರ್ಚಿಯಲ್ಲಿ ಆ ಭಾಗವನ್ನು ಪ್ರತ್ಯೇಕವಾಗಿ ಬಿಡುಗಡೆ ಮಾಡಿದರು. ಈ ಸಲ ಭಂಡಾರವನ್ನು ಕತ್ತರಿಸಲಿಲ್ಲ. ಆಕರವನ್ನು ಸರ್ವರಿನ ಮಗ್ಗುಲಲ್ಲಿಯೇ ಬಿಟ್ಟು, ಬಿಡುಗಡೆಯ ಶಾಖೆಯನ್ನು ಮಾತ್ರ ಬೇರೆ ಮಾಡಿಕೊಂಡರು. ಸರ್ವರಿನ ಬಿಡುಗಡೆ ಆ ವರ್ಷದ ಅಕ್ಟೋಬರಿನಲ್ಲಿ ಬಂದಿತು.