ಟಾಟಾ ಲಾರಿಯ ಹಿಂದಿದ್ದ ಮೂಲಗಾಂವ್ಕರ್

ಅನಮೋಡ ಘಾಟಿ ಇಳಿದು ಮಡ್ಕಯಿ ಕೈಗಾರಿಕಾ ವಸಾಹತಿಗೆ ಬರುವ ಲಾರಿಗಳಲ್ಲಿ ಟಾಟಾ ಗಾಡಿಗಳು ಸಾಕಷ್ಟು. ಆ ಹೆಸರನ್ನು ಲಾರಿಯ ಮೇಲೆ ನಿಲ್ಲಿಸಿದ ಎಂಜಿನಿಯರ್ ಸುಮಂತ್ ಮೂಲಗಾಂವ್ಕರ್.

1906ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1929ರಲ್ಲಿ ಪದವಿ ಪಡೆದರು. ಎಸಿಸಿ ಸಿಮೆಂಟ್ ಕಂಪನಿಯಲ್ಲಿ ದುಡಿದು ನಂತರ ಟೆಲ್ಕೋ ಸೇರಿದರು. ಟೆಲ್ಕೋ 1945ರಲ್ಲಿ ರೈಲು ಎಂಜಿನ್ ತಯಾರಿಸಲೆಂದೇ ಆರಂಭವಾದ ಕಂಪನಿ.

ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಲ್ಲಿ 1954ರಲ್ಲಿ ಜಮ್ಶೆಡ್‌ಪುರದಲ್ಲಿ ಲಾರಿ ತಯಾರಿಕೆ ಶುರುವಾಯಿತು. ಒಪ್ಪಂದದ ಅವಧಿ 15 ವರ್ಷ ಮಾತ್ರ. ಅಷ್ಟರೊಳಗೆ ಕೆಲಸ ಕಲಿಯದಿದ್ದರೆ ಕಂಪನಿ ಪರರ ಲಾರಿ ಜೋಡಿಸುವ ಶೆಡ್ಡಾಗಿಯೇ ಉಳಿಯುತ್ತಿತ್ತು. ಹಾಗಾಗಿ 1966ರಲ್ಲಿ ಪುಣೆ ಘಟಕ ಕಟ್ಟುವಾಗ ಮೂಲಗಾಂವ್ಕರ್ ಕಾರ್ಮಿಕರ ತರಬೇತಿಗೆ, ಯಂತ್ರೋಪಕರಣ ತಯಾರಿಕೆಗೆ ಆದ್ಯತೆ ಕೊಟ್ಟರು. 1969ರಲ್ಲಿ ಒಪ್ಪಂದ ಮುಗಿದು ಬೆಂಜ್ ನಕ್ಷತ್ರ ಇಳಿಯಿತು, ಲಾರಿಯ ಮೇಲೆ ಟಾಟಾ ಹೆಸರೊಂದೇ ಉಳಿಯಿತು. ಜಪಾನಿ ಸಹಯೋಗದ ಮಿನಿ ಲಾರಿಗಳಿಗೆ ಎದುರಾಗಿ 1986ರಲ್ಲಿ ಬಂದ 407 ಇಲ್ಲೇ ವಿನ್ಯಾಸಗೊಂಡದ್ದು.

ಗೋವಾದ ಇಡಿಸಿ ಜೊತೆಗೂಡಿ ಟೆಲ್ಕೋ 1980ರಲ್ಲಿ ಸ್ಥಾಪಿಸಿದ ಆಟೋಮೊಬೈಲ್ ಕಾರ್ಪೊರೇಷನ್ ಆಫ್ ಗೋವಾ ಅವರ ಕಾಲದ್ದೇ. ಸತ್ತರಿಯ ಹೊಂಡದಲ್ಲಿ ಅದರ ಕಾರ್ಖಾನೆಯಿದೆ. ಬಸ್ ಬಾಡಿ ಕಟ್ಟುವುದು ಅದರ ಮುಖ್ಯ ಕೆಲಸ.

ಮೂಲಗಾಂವ್ಕರ್ 1989ರಲ್ಲಿ ನಿಧನರಾದರು. 1990ರಲ್ಲಿ ಪದ್ಮಭೂಷಣ ಸಂದಿತು. 1994ರಲ್ಲಿ ಬಂದ ಟಾಟಾ ಸುಮೋ ಹೆಸರು ಅವರದೇ: ಸುಮಂತ್‌ನ ‘ಸು’, ಮೂಲಗಾಂವ್ಕರ್‌ನ ‘ಮೋ’. ಜಪಾನಿನ ಕುಸ್ತಿಗೂ ಅದಕ್ಕೂ ಸಂಬಂಧವಿಲ್ಲ.