ಜೈಲಿನೊಳಗೆ ಹನ್ನೆರಡು ವಾರ

ನಮ್ಮ ಕುಪ್ಪೇಲೂರಿನ ಕಡೆ ಕಾಮಾಲೆಗೆ ಕಾಮಣಿ ಅನ್ನುತ್ತಾರೆ. ಕಣ್ಣು ಹಳದಿಯಾದರೆ ಕಾಮಣಿ. ನಾಟಿ ಔಷಧ, ಪಥ್ಯ. ದೀರ್ಘಕಾಲದ ಹೆಪಟೈಟಿಸ್ ಸಿ ಈ ಲೆಕ್ಕಕ್ಕೆ ಸಿಗುವುದಿಲ್ಲ. ರಕ್ತದಿಂದ ರಕ್ತಕ್ಕೆ ದಾಟುವ ಈ ವೈರಾಣು ಎಷ್ಟೋ ಸಲ ಇಪ್ಪತ್ತು ಮೂವತ್ತು ವರ್ಷ ಗುರುತೇ ಕೊಡದೆ ಯಕೃತ್ತನ್ನು ಕೆಡಿಸುತ್ತ ಕೂರುತ್ತದೆ. ಹಂಚಿಕೊಂಡ ಸೂಜಿ, ಬ್ಲೇಡು, ಕದ್ದು ಹಾಕಿಸಿಕೊಂಡ ಹಚ್ಚೆ ಇವೆಲ್ಲ ಒಂದೇ ಗೋಡೆಯೊಳಗೆ ಕೂಡುವ ಜಾಗ ಜೈಲು.

ಕೈದಿಯ ಚಿಕಿತ್ಸೆಯ ಮಾತು ಬಂದಾಗ ನನಗೆ ಮೊದಲು ನೆನಪಾಗುವುದು ಔಷಧವಲ್ಲ, ಒಂದು ಪತ್ರ. 1984ರಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನಿಂದ (ಈಗಿನ ಫ್ರೀಡಂ ಪಾರ್ಕ್ ಇರುವ ಜಾಗ) ರಾಮಮೂರ್ತಿ ಎಂಬ ಕೈದಿ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದದ್ದು. ಅದರಲ್ಲಿದ್ದದ್ದು ಕೂಲಿ, ಊಟ, ಹಿಂಸೆಯ ದೂರು. ಹೆಪಟೈಟಿಸ್ ಸಿಗೆ ಆಗ ಹೆಸರೂ ಇರಲಿಲ್ಲ. 'ಎ ಅಲ್ಲದ, ಬಿ ಅಲ್ಲದ' ಕಾಮಾಲೆ ಎನ್ನುತ್ತಿದ್ದರು. ವೈರಾಣು ಪತ್ತೆಯಾದದ್ದು 1989ರಲ್ಲಿ. ರಾಮಮೂರ್ತಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯ ತೀರ್ಪು ಬಂದದ್ದು 1996ರ ಡಿಸೆಂಬರಿನಲ್ಲಿ. ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಎಣಿಸಿದ ಕೋರ್ಟು, ಆರೋಗ್ಯದ ವಿಷಯದಲ್ಲಿ ಕೈದಿಗೆ ಎರಡು ಪಟ್ಟು ತೊಂದರೆ ಎಂದಿತು: ತನಗೆ ಬೇಕಾದ ವೈದ್ಯರ ಬಳಿ ಹೋಗುವಂತಿಲ್ಲ, ಮೇಲಾಗಿ ಹೊರಗಿನವರಿಗಿಂತ ಹೆಚ್ಚು ರೋಗಭಯದ ನಡುವೆ ಬದುಕಬೇಕು. ಹೆಪಟೈಟಿಸ್ ಸಿಯ ಹೆಸರೆತ್ತದೆ ಅದನ್ನೇ ವರ್ಣಿಸಿದಂತಿದೆ ಈ ಮಾತು.

ಆಗಿನ ಚಿಕಿತ್ಸೆ ಇಂಟರ್‌ಫೆರಾನ್ ಚುಚ್ಚುಮದ್ದು. ತಿಂಗಳುಗಟ್ಟಲೆ, ಕೆಲವರಿಗೆ ಸುಮಾರು ಒಂದು ವರ್ಷ. ಜ್ವರ, ನಿಶ್ಶಕ್ತಿ, ಖಿನ್ನತೆ. ಗುಣವಾಗುವ ಭರವಸೆಯೂ ಕಡಿಮೆ. 2013ರಲ್ಲಿ ಅಮೆರಿಕದಲ್ಲಿ ಸೊಫೊಸ್‌ಬುವಿರ್ ಮಾರಾಟಕ್ಕೆ ಬಂತು. ಒಂದು ಗುಳಿಗೆಗೆ 1000 ಡಾಲರ್, ಹನ್ನೆರಡು ವಾರಕ್ಕೆ 84,000. ಮರುವರ್ಷ ಗಿಲಿಯಡ್ ಕಂಪನಿ ಭಾರತದ ಔಷಧ ತಯಾರಕರಿಗೆ ಪರವಾನಗಿ ಕೊಟ್ಟಿತು. ಅವರಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಇತ್ತು. ಬೆಲೆ ಕುಸಿಯಿತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಗುಳಿಗೆ ಎರಡೂ ಉಚಿತ. ಯಕೃತ್ತು ತೀರಾ ಕೆಡದವರಿಗೆ ದಿನಕ್ಕೊಮ್ಮೆ ಸೊಫೊಸ್‌ಬುವಿರ್ ಮತ್ತು ಡಕ್ಲಾಟಾಸ್ವಿರ್, 84 ದಿನ. ನೂರಕ್ಕೆ ತೊಂಬತ್ತೈದರಷ್ಟು ಜನ ಗುಣವಾಗುತ್ತಾರೆ.

ದಿನಕ್ಕೊಮ್ಮೆ ತಲೆ ಎಣಿಸುವ ಜಾಗದಲ್ಲಿ ದಿನಕ್ಕೊಮ್ಮೆ ಗುಳಿಗೆ ಕೊಡುವುದೇನು ಕಷ್ಟ? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನ ನಾಲ್ಕು ಜೈಲುಗಳಲ್ಲಿ ಸೋಂಕಿತರಿಗೆಲ್ಲ ಈ ಗುಳಿಗೆ ದೊರೆಯುವಂತೆ ಮಾಡಿದಾಗ, ಒಳಗೆ ಹೊಸ ಸೋಂಕು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಒಬ್ಬನಿಗೆ ಕೊಟ್ಟ ಔಷಧ ಪಕ್ಕದವನನ್ನೂ ಕಾಯಿತು.

ನಮ್ಮ ತೊಡಕು ಬೇರೆ. 1894ರ ಕಾರಾಗೃಹ ಕಾಯ್ದೆಯಲ್ಲಿ ಹೊಸ ಕೈದಿಯನ್ನು ವೈದ್ಯರು ನೋಡಲೇಬೇಕೆಂದಿದೆ. ಬರೆಯಬೇಕಾದದ್ದು ಅವನ ಆರೋಗ್ಯ, ಮೈಮೇಲಿನ ಗಾಯ-ಗುರುತು, ಕಠಿಣ ಶಿಕ್ಷೆಯವನಾದರೆ ಯಾವ ದುಡಿಮೆಗೆ ತಕ್ಕವನು ಎಂಬುದು. ಬ್ರಿಟಿಷರಿಗೆ ಬೇಕಾಗಿದ್ದದ್ದು ರಟ್ಟೆಯ ಲೆಕ್ಕ. ಈ ರೋಗ ರಕ್ತಪರೀಕ್ಷೆಯಲ್ಲದೆ ಕಣ್ಣಿಗೆ ಬೀಳದು. ಜೈಲುಗಳಲ್ಲಿ ಎಚ್‌ಐವಿ, ಕ್ಷಯದ ಜತೆ ಹೆಪಟೈಟಿಸ್ ತಪಾಸಣೆಯ ವಿಶೇಷ ಅಭಿಯಾನ ದೇಶದಲ್ಲಿ ನಡೆದದ್ದು 2023ರಲ್ಲಿ.

ಇನ್ನೊಂದು: ನಮ್ಮ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಹಾವೇರಿ ಜೈಲಿನಲ್ಲಿರುವ ರಾಣೆಬೆನ್ನೂರು ತಾಲ್ಲೂಕಿನವನೊಬ್ಬನಿಗೆ ಮೂವತ್ತನೇ ದಿನ ಜಾಮೀನು ಸಿಕ್ಕಿತೆನ್ನಿ. ಮನೆಯವರಿಗೆ ಹಬ್ಬ. ಉಳಿದ ಐವತ್ನಾಲ್ಕು ದಿನದ ಗುಳಿಗೆ ಯಾರ ಕೈಯಲ್ಲಿ? ಶಿಕ್ಷೆಗೊಳಗಾದವನಿಗಿಂತ ಬಿಡುಗಡೆಯಾದವನ ಚಿಕಿತ್ಸೆಯೇ ಕಷ್ಟ ಎಂಬ ವಿಚಿತ್ರ ಇಲ್ಲಿದೆ. ಜಾಮೀನಿನ ಕಾಗದದ ಜತೆ ಔಷಧದ ಡಬ್ಬಿ, ಚಿಕಿತ್ಸಾ ಕೇಂದ್ರಕ್ಕೊಂದು ಚೀಟಿ ಹೋಗಬೇಕು. ಗುಳಿಗೆ ಮುಗಿದರೂ ಕೆಲಸ ಮುಗಿಯದು. ಮತ್ತೆ ಹನ್ನೆರಡು ವಾರ ಕಳೆದು ವೈರಾಣುವಿನ ಪರೀಕ್ಷೆ ಮಾಡಿದ ಮೇಲೇ ಗುಣವಾಯಿತೆನ್ನುವುದು. ಅಲ್ಲದೆ ಮೊದಲ ಹಂತದ ಪ್ರತಿಕಾಯ ಪರೀಕ್ಷೆ ಗುಣವಾದವನಲ್ಲೂ ಪಾಸಿಟಿವ್ ಎಂದೇ ತೋರಿಸುತ್ತಿರುತ್ತದೆ. ಊರಿಗೆ ಮರಳಿದವನು ನಾಳೆ ಯಾವುದಾದರೂ ಆಪರೇಷನ್ನಿಗೆ ಹೋದರೆ, ಆ ಎರಡನೇ ಪರೀಕ್ಷೆಯ ಕಾಗದ ಕಿಸೆಯಲ್ಲಿರಬೇಕು.