ಬಾವುಟ ಹಿಡಿಯಲು ಹಿಂಜರಿದ ಜರ್ಮನ್ ಫುಟ್ಬಾಲ್ ಅಭಿಮಾನಿಗಳು

ಕ್ರಿಕೆಟ್ ಮ್ಯಾಚ್‌ಗೆ ಮುಖಕ್ಕೆ ತ್ರಿವರ್ಣ ಬಳ್ಕೊಂಡು ಹೋಗೋಕೆ ನಾವು ಎರಡು ಸಲ ಯೋಚಿಸಲ್ಲ. ಜರ್ಮನಿಯಲ್ಲಿ ಇದೇ ಕೆಲಸ ಬಹಳ ಕಾಲ ಮುಜುಗರದ ವಿಷಯವಾಗಿತ್ತು.

1954ರಿಂದ ಶುರು ಮಾಡೋಣ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ವಿಶ್ವಕಪ್ ಫೈನಲ್. ಬಲಿಷ್ಠ ಹಂಗೇರಿಯನ್ನು ಪಶ್ಚಿಮ ಜರ್ಮನಿ 3-2ರಿಂದ ಸೋಲಿಸಿತು. ಯುದ್ಧ ಮುಗಿದು ಒಂಬತ್ತೇ ವರ್ಷ. ಸಂತೋಷ ತಡೆಯಲಾರದ ಪ್ರೇಕ್ಷಕರು ರಾಷ್ಟ್ರಗೀತೆಯ ಮೊದಲ ಚರಣ ಹಾಡಿಬಿಟ್ಟರು. ಎಡವಟ್ಟಾಗಿದ್ದೇ ಅಲ್ಲಿ. ನಾಜಿಗಳು ಮೆರೆಸಿದ್ದು ಅದೇ ಚರಣವನ್ನ! ಸರ್ಕಾರಿ ಸಮಾರಂಭಗಳಲ್ಲಿ ಮೂರನೇ ಚರಣ ಹಾಡಬೇಕು ಅಂತ 1952ರಲ್ಲೇ ತೀರ್ಮಾನವಾಗಿತ್ತು. ಸ್ವಿಸ್ ರೇಡಿಯೋ ಪ್ರಸಾರವನ್ನೇ ಕತ್ತರಿಸಿತು. ಆಮೇಲೆ ಮ್ಯೂನಿಕ್‌ನಲ್ಲಿ ಫುಟ್ಬಾಲ್ ಸಂಸ್ಥೆಯ ಅಧ್ಯಕ್ಷ ಪೆಕೊ ಬಾವೆನ್ಸ್ ಅವರ ಭಾಷಣ ಹಳೇ ಧಾಟಿಗೆ ತಿರುಗಿದಾಗ ಬವೇರಿಯಾದ ರೇಡಿಯೋ ಕೂಡ ಅದನ್ನೇ ಮಾಡಿತು.

ನೋಡಿ, ಕಪ್ಪು-ಕೆಂಪು-ಚಿನ್ನದ ಬಾವುಟ ನಾಜಿಗಳದ್ದಲ್ಲ. ಅದು 1848ರ ಕ್ರಾಂತಿಕಾರರದ್ದು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಅದನ್ನ ತೆಗೆದುಹಾಕಿದ. ಆದ್ರೂ ಭಯ ಬಾವುಟಕ್ಕೂ ಅಂಟಿಕೊಳ್ತು. 1974ರಲ್ಲಿ ತವರಿನಲ್ಲೇ ಕಪ್ ಗೆದ್ದ ತಂಡದ ಆಟಗಾರರು ಗೀತೆಯ ಹೊತ್ತಿಗೆ ಬಹುತೇಕ ಬಾಯಿ ಮುಚ್ಚಿಕೊಂಡೇ ನಿಂತಿದ್ದರು. 1990ರಲ್ಲಿ, ಎರಡು ಜರ್ಮನಿಗಳು ಒಂದಾಗುವ ಕೆಲವೇ ತಿಂಗಳ ಮೊದಲು, ರೋಮ್‌ನಲ್ಲಿ ಗೆದ್ದಾಗ ಬೀದಿ ತುಂಬಾ ಬಾವುಟ ಬಂತು ನಿಜ. ಆದರೆ ಸಂಕೋಚ ಪೂರ್ತಿ ಹೋಗಲಿಲ್ಲ.

ಹೋಗಿದ್ದು 2006ರ ಬೇಸಿಗೆಯಲ್ಲಿ. ಆನ್‌ಸೈಟ್ ಅಂತ ಜರ್ಮನಿಗೆ ಹೋದವರು ಕಾರಿನ ಕಿಟಕಿಗೆ ಸಿಗಿಸಿದ ಪುಟ್ಟ ಬಾವುಟ ನೋಡಿರ್ತೀರಿ. ಅದೇನೋ ಹಳೇ ಸಂಪ್ರದಾಯ ಅಂದ್ಕೋಬೇಡಿ, ಎಲ್ಲೆಡೆ ಹಬ್ಬಿದ್ದು ಆ ವಿಶ್ವಕಪ್‌ನಲ್ಲಿ. ಬರ್ಲಿನ್‌ನ ಬ್ರಾಂಡೆನ್‌ಬರ್ಗ್ ದ್ವಾರದ ಬಳಿ ಲಕ್ಷಾಂತರ ಜನ ಸೇರಿ ದೊಡ್ಡ ಪರದೆಯಲ್ಲಿ ಮ್ಯಾಚ್ ನೋಡಿದರು. ಪೋಲೆಂಡ್ ವಿರುದ್ಧ ಕೊನೇ ಕ್ಷಣದ ಗೋಲ್ ನೆನಪಿದೆಯಾ? ಕ್ರಾಸ್ ಕೊಟ್ಟ ಓಡೋನ್ಕೋರ್ ಅವರ ತಂದೆ ಘಾನಾದವರು. ಗೋಲ್ ಹೊಡೆದ ನೊಯ್ವಿಲ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ. ಫಾರ್ವರ್ಡ್‌ಗಳಾದ ಕ್ಲೋಸೆ, ಪೊಡೋಲ್ಸ್ಕಿ ಹುಟ್ಟಿದ್ದು ಪೋಲೆಂಡ್‌ನಲ್ಲೇ! ಸೆಮಿಫೈನಲ್‌ನಲ್ಲಿ ಇಟಲಿಗೆ ಸೋತರೂ ಜನ ಸಂಭ್ರಮ ನಿಲ್ಲಿಸಲಿಲ್ಲ. ನನಗೆ ಗೆಲುವಿಗಿಂತ ಇದೇ ದೊಡ್ಡದು ಅನ್ಸುತ್ತೆ.

ಆದರೆ ಕಥೆ ಇಲ್ಲಿಗೆ ಸುಖಾಂತ್ಯ ಅಲ್ಲ. 2010ರಲ್ಲಿ ಬರ್ಲಿನ್‌ನ ನೊಯ್ಕೋಲ್ನ್ ಬಡಾವಣೆಯಲ್ಲಿ ಲೆಬನಾನ್ ಮೂಲದ ಅಂಗಡಿಯವರೊಬ್ಬರು ಕಟ್ಟಡದ ಮೇಲೆ ಭಾರೀ ಜರ್ಮನ್ ಬಾವುಟ ಇಳಿಬಿಟ್ಟರು. ಅದನ್ನ ಹರಿದು ಹಾಕಿದ್ದು ವಲಸಿಗರನ್ನ ದ್ವೇಷಿಸೋರಲ್ಲ, ರಾಷ್ಟ್ರವಾದ ಬೇಡ ಅನ್ನೋ ಎಡಪಂಥೀಯ ಹುಡುಗರು. ವಲಸೆ ಬಂದವರಿಗೆ ಅದು "ಇದು ನಮ್ಮೂರೂ ಹೌದು" ಅನ್ನೋ ಗುರುತು. ಆ ಹುಡುಗರ ಕಣ್ಣಿಗೆ ಅಜ್ಜಂದಿರ ಪಾಪ. ಬಾವುಟ ಒಂದೇ, ಎರಡು ಬೇರೆ ಬೇರೆ ಪ್ರೋಗ್ರಾಂ ಅದನ್ನ ಓದ್ತಿವೆ.

ಮತ್ತೆ 2018. ಟರ್ಕಿ ಮೂಲದ ಕುಟುಂಬದ, ಗೆಲ್ಸೆನ್‌ಕಿರ್ಚೆನ್‌ನಲ್ಲೇ ಹುಟ್ಟಿದ ಮೆಸುಟ್ ಓಝಿಲ್, ಟರ್ಕಿ ಅಧ್ಯಕ್ಷ ಎರ್ದೊಆನ್ ಜೊತೆ ಫೋಟೋ ತೆಗೆಸಿಕೊಂಡರು. ಆ ಟೀಕೆಯಲ್ಲಿ ನ್ಯಾಯವಾದ ಪ್ರಶ್ನೆಯೂ ಇತ್ತು, ಜನಾಂಗದ್ವೇಷವೂ ಬೆರೆತಿತ್ತು. ಗುಂಪು ಹಂತದಲ್ಲೇ ಜರ್ಮನಿ ಹೊರಬಿದ್ದಾಗ ಸಿಟ್ಟೆಲ್ಲ ಅವರ ಮೇಲೆ. ಗೆದ್ದಾಗ ನಾನು ಜರ್ಮನ್, ಸೋತಾಗ ವಲಸಿಗ ಎಂಬರ್ಥದ ಮಾತು ಬರೆದು, ಜುಲೈ 22ರಂದು, 29ನೇ ವಯಸ್ಸಿನಲ್ಲಿ ಓಝಿಲ್ ರಾಷ್ಟ್ರೀಯ ತಂಡ ಬಿಟ್ಟರು. 2014ರಲ್ಲಿ ಕಪ್ ಎತ್ತಿದ ತಂಡದಲ್ಲಿ ಅವರೂ ಇದ್ದರು.